ಎಕ್ಸ್‌ಚೇಂಜಿನ ಕಿಟಕಿ ಮುಚ್ಚಿದವರು ಯಾರು?

ತಾಲ್ಲೂಕು ಕೇಂದ್ರವಾದ ಯಾವ ಊರಿಗೆ ಹೋದರೂ ಟೆಲಿಫೋನ್ ಎಕ್ಸ್‌ಚೇಂಜ್ ಹುಡುಕುವುದು ಕಷ್ಟವಲ್ಲ. ತಲೆ ಎತ್ತಿ ಕೆಂಪು–ಬಿಳಿ ಪಟ್ಟೆಯ ಟವರ್ ಎಲ್ಲಿದೆ ಎಂದು ನೋಡಿ, ಅದರ ಬುಡಕ್ಕೆ ನಡೆದರೆ ಸಾಕು. ಅಲ್ಲೊಂದು ಚಪ್ಪಟೆ ತಾರಸಿಯ ಕಾಂಕ್ರೀಟ್ ಕಟ್ಟಡ ಇರುತ್ತದೆ. ಮಾಸಿದ ಹಳದಿಯೋ ಬೂದಿಯೋ ಹೇಳಲಾಗದ ಬಣ್ಣ, ಉದ್ದುದ್ದದ ಸಜ್ಜಾಗಳು, ಮೂರು ಭಾಷೆಯ ಬೋರ್ಡು, ಕಾಂಪೌಂಡಿನಲ್ಲಿ ಅರ್ಧ ಖಾಲಿಯಾದ ಕೇಬಲ್ ಡ್ರಮ್ಮು. ಬಿಲ್ ಕಟ್ಟಲು ಸಾಲಿನಲ್ಲಿ ನಿಂತವರು, ‘ಫೋನ್ ಡೆಡ್ ಆಗಿ ವಾರ ಆಯ್ತು ಸಾರ್’ ಎಂದು ಜಗಳಕ್ಕೆ ಹೋದವರು ಊರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕಟ್ಟಡವನ್ನು ಕಟ್ಟಡವೆಂದು ನಿಂತು ನೋಡಿದವರು ಸಿಗುವುದಿಲ್ಲ.

ನೋಡುವವರು ಮೊದಲು ಕಿಟಕಿಗಳನ್ನು ನೋಡಬೇಕು. ಹಳೆಯ ಎಕ್ಸ್‌ಚೇಂಜುಗಳಲ್ಲಿ ಎಷ್ಟೋ ಕಿಟಕಿಗಳು ಮುಚ್ಚಿಹೋಗಿವೆ. ಪರದೆ ಎಳೆದು ಮುಚ್ಚಿದ್ದಲ್ಲ, ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ್ದು, ಇಲ್ಲವೇ ಪ್ಲೈವುಡ್ ಬಡಿದದ್ದು. ಕಿಟಕಿ ಹೋದರೂ ಸಜ್ಜಾ ಹಾಗೇ ಉಳಿದು, ಬರೀ ಗೋಡೆಗೆ ನೆರಳು ಕೊಡುತ್ತಾ ನಿಂತಿದೆ. ಒಂದು ಮೂಲೆಯಲ್ಲಿ ಎ.ಸಿ. ಕೂರಿಸಲು ಕೊರೆದ ಚೌಕ. ಹಿಂಬದಿಯ ಒಂದು ಕೋಣೆಗೆ ಮಾತ್ರ ಎತ್ತರದಲ್ಲಿ ಗಾಳಿಕಿಂಡಿ, ಅದಕ್ಕೊಂದು ತುಕ್ಕು ಹಿಡಿದ ಎಕ್ಸಾಸ್ಟ್ ಫ್ಯಾನು. ಇವೆಲ್ಲ ಯಾರೋ ಎಂಜಿನಿಯರನ ಖಯಾಲಿಯಲ್ಲ. ಒಳಗಿದ್ದ ಯಂತ್ರ ಬದಲಾದಾಗಲೆಲ್ಲ ಗೋಡೆ ಅದಕ್ಕೆ ಒಗ್ಗಿಕೊಂಡ ಗುರುತುಗಳು. ಮನುಷ್ಯರಿಗೆಂದು ಕಟ್ಟಿ, ಆಮೇಲೆ ಯಂತ್ರಕ್ಕೆ ಬಿಟ್ಟುಕೊಟ್ಟು, ಕೊನೆಗೆ ಯಂತ್ರಕ್ಕೂ ಬೇಡವಾದ ಕಟ್ಟಡಗಳ ಕಥೆ ಇದು. ಆ ಕೊನೆಯ ತಿರುವು ನಮ್ಮ ಕಿತ್ತೂರಿನಲ್ಲೇ ನಡೆಯಿತು.

ಶುರುವಾದದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. 1878ರ ಜನವರಿ 28ರಂದು ಜಾರ್ಜ್ ಕಾಯ್ ಎಂಬಾತ ಬೋರ್ಡ್‌ಮನ್ ಬಿಲ್ಡಿಂಗ್ ಎಂಬ ಕಟ್ಟಡದ ಒಂದು ಮಳಿಗೆಯಲ್ಲಿ ಜಗತ್ತಿನ ಮೊದಲ ವಾಣಿಜ್ಯ ಎಕ್ಸ್‌ಚೇಂಜ್ ತೆರೆದ. ಚಂದಾದಾರರು 21 ಮಂದಿ. ಸ್ವಿಚ್‌ಬೋರ್ಡನ್ನು ಗಾಡಿಗೆ ಹಾಕುವ ಬೋಲ್ಟುಗಳಿಂದ, ಹೆಂಗಸರ ಲಂಗದೊಳಗೆ ಇರಿಸುತ್ತಿದ್ದ ತಂತಿಯಿಂದ ಜೋಡಿಸಿದ್ದರಂತೆ. ಒಮ್ಮೆಗೆ ಎರಡೇ ಸಂಭಾಷಣೆ ಸಾಧ್ಯ. ಮುಂದಿನ ತಿಂಗಳು ಬಂದ ಟೆಲಿಫೋನ್ ಡೈರೆಕ್ಟರಿ ಒಂದೇ ಹಾಳೆ, ಅದರಲ್ಲಿ 50 ಹೆಸರು. ಆ ಕಟ್ಟಡಕ್ಕೆ ಮುಂದೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ಸಿಕ್ಕಿತು. ಸಿಕ್ಕಿದ ಮೇಲೂ 1973ರಲ್ಲಿ ಅದನ್ನು ಕೆಡವಿ ಆ ಜಾಗವನ್ನು ಕಾರು ನಿಲ್ಲಿಸಲು ಕೊಟ್ಟರು. ಸ್ಮಾರಕವನ್ನು ಕೆಡವುವ ಚಾಳಿ ನಮ್ಮೊಬ್ಬರದೇ ಅಲ್ಲ.

ಮೊದಮೊದಲ ಎಕ್ಸ್‌ಚೇಂಜುಗಳಿಗೆ ಸ್ವಂತ ಕಟ್ಟಡ ಇರಲಿಲ್ಲ. ಸಣ್ಣ ಊರುಗಳಲ್ಲಿ ಬ್ಯಾಂಕಿನ ಮೇಲೆ, ಔಷಧಿ ಅಂಗಡಿಯ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತಿದ್ದರು. ಮೇಲಂತಸ್ತೇ ಬೇಕಿತ್ತು, ಏಕೆಂದರೆ ತಂತಿಗಳು ಕಂಬದಿಂದ ಕಂಬಕ್ಕೆ, ಮಾಳಿಗೆಯಿಂದ ಮಾಳಿಗೆಗೆ ಆಕಾಶಮಾರ್ಗದಲ್ಲೇ ಬರುತ್ತಿದ್ದವು. ನಮ್ಮ ದೇಶದ್ದೂ ಹಾಗೇ. ನ್ಯೂ ಹೇವನ್‌ಗೆ ಸರಿಯಾಗಿ ನಾಲ್ಕು ವರ್ಷದ ಮೇಲೆ, 1882ರ ಅದೇ ಜನವರಿ 28ರಂದು ಕಲ್ಕತ್ತದಲ್ಲಿ ತೆರೆದ ಎಕ್ಸ್‌ಚೇಂಜ್ ಇದ್ದದ್ದು 7, ಕೌನ್ಸಿಲ್ ಹೌಸ್ ಸ್ಟ್ರೀಟಿನ ಕಟ್ಟಡದ ಮೂರನೇ ಮಹಡಿಯಲ್ಲಿ. ಚಂದಾದಾರರು 93. ಸ್ಟಾಕ್‌ಹೋಮಿನವರು ಇದನ್ನು ಅತಿಗೆ ಕೊಂಡೊಯ್ದರು. 1887ರಲ್ಲಿ ಎಕ್ಸ್‌ಚೇಂಜಿನ ನೆತ್ತಿಯ ಮೇಲೆ ದೊಡ್ಡ ಕಬ್ಬಿಣದ ಗೋಪುರವನ್ನೇ ಎಬ್ಬಿಸಿ, 5 ಸಾವಿರಕ್ಕೂ ಹೆಚ್ಚು ತಂತಿಗಳನ್ನು ಅದಕ್ಕೆ ಕಟ್ಟಿದರು. ಆ ಕಾಲದ ಫೋಟೊಗಳಲ್ಲಿ ನಗರದ ಆಕಾಶ ಕಾಣುವುದಿಲ್ಲ, ಬರೀ ತಂತಿ.

ಕೈಯಿಂದ ಜೋಡಿಸುವ ಕಾಲದಲ್ಲಿ ಕೋಣೆಯ ಅಳತೆಯನ್ನು ನಿರ್ಧರಿಸುತ್ತಿದ್ದದ್ದು ಆಪರೇಟರಿನ ತೋಳು. ಕೂತಲ್ಲಿಂದ ಕೈ ಎಟುಕುವಷ್ಟೇ ಬೋರ್ಡಿನ ಎತ್ತರ, ಎಷ್ಟು ಜನ ಕೂರಬೇಕೋ ಅಷ್ಟೇ ಕೋಣೆಯ ಉದ್ದ. ಬೋರ್ಡು ಗೋಡೆಯನ್ನು ನುಂಗುವುದರಿಂದ ಬೆಳಕು ಅದರ ತಲೆಯ ಮೇಲಿಂದ ಬರಬೇಕು, ಹಾಗಾಗಿ ಎತ್ತರದ ಕಿಟಕಿಗಳು. ಮೊದಲು ಈ ಕೆಲಸಕ್ಕೆ ತಂತಿ ಕಚೇರಿಯ ಹುಡುಗರನ್ನು ಇಟ್ಟಿದ್ದರು. ಅವರ ಒರಟು ಬಾಯಿ ತಾಳಲಾರದೆ 1878ರ ಸೆಪ್ಟೆಂಬರ್ 1ರಂದು ಬಾಸ್ಟನ್‌ನಲ್ಲಿ ಎಮ್ಮಾ ನಟ್ ಎಂಬಾಕೆಯನ್ನು ನೇಮಿಸಿದರು. ಹೆಣ್ಣುಮಕ್ಕಳು ಬಂದ ಮೇಲೆ ನಕ್ಷೆಯೂ ಬದಲಾಯಿತು. ವಿಶ್ರಾಂತಿ ಕೋಣೆ, ಊಟದ ಕೋಣೆ ಕಾಣಿಸಿಕೊಂಡವು. ಒಳಗೆ ಶಿಸ್ತು ಮಾತ್ರ ಕಟ್ಟುನಿಟ್ಟು. ಬೆನ್ನ ಹಿಂದೆ ಮೇಲ್ವಿಚಾರಕಿ ಓಡಾಡಲು ದಾರಿ ಬಿಡುವುದನ್ನು ಯಾವ ವಾಸ್ತುಶಿಲ್ಪಿಯೂ ಮರೆಯಲಿಲ್ಲ.

ಹೀಗೆ ಮನುಷ್ಯರಿಗಾಗಿ ಕಟ್ಟಿದವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಸ್ಯಾನ್‌ಫ್ರಾನ್ಸಿಸ್ಕೊದ ಚೈನಾಟೌನ್ ಎಕ್ಸ್‌ಚೇಂಜ್. ಅದು ಮಹಾನಗರದೊಳಗೆ ಇದ್ದರೂ ಸೇವೆ ಕೊಡುತ್ತಿದ್ದದ್ದು ತನ್ನದೇ ಒಂದು ಪುಟ್ಟ ಊರಿಗೆ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಹಳೆಯದು ನಾಶವಾದ ಮೇಲೆ, 1909ರಲ್ಲಿ ಮೂರು ಸೂರಿನ ಪಗೋಡದಂಥ ಕಟ್ಟಡ ಎದ್ದಿತು. ಅಲ್ಲಿ ಯಾರೂ ನಂಬರ್ ಹೇಳುತ್ತಿರಲಿಲ್ಲ. ಮನುಷ್ಯನನ್ನು ಅಂಕಿಯಿಂದ ಕರೆಯುವುದು ಅಗೌರವ ಎಂದು ಆ ಜನರ ಭಾವನೆ. ಹೆಸರು ಹೇಳಿದರೆ ಆಪರೇಟರ್ ಜೋಡಿಸಬೇಕು. ಒಂದೇ ಹೆಸರಿನವರು ಹಲವರಿರುವುದರಿಂದ ಅವರವರ ಬೀದಿ, ಕಸುಬು ಎಲ್ಲವೂ ಅವಳಿಗೆ ಬಾಯಿಪಾಠವಾಗಿರಬೇಕು. ಜೊತೆಗೆ ಚೀನೀ ಭಾಷೆಯ ಹಲವು ಉಪಭಾಷೆಗಳೂ ಬರಬೇಕು. 1949ರಲ್ಲಿ ಡಯಲ್ ಫೋನ್ ಬಂದು ಈ ವಿದ್ಯೆಗೆ ಕೆಲಸವಿಲ್ಲದಾಯಿತು. ಕಟ್ಟಡ ಉಳಿಯಿತು. 1960ರಲ್ಲಿ ಒಂದು ಬ್ಯಾಂಕು ಕೊಂಡು ಸರಿಪಡಿಸಿತು, ಇಂದಿಗೂ ಅಲ್ಲಿ ಬ್ಯಾಂಕೇ ಇದೆ.

ಇನ್ನೊಂದು ತುದಿಯಲ್ಲಿ ಮೇನ್ ರಾಜ್ಯದ ಬ್ರಯಂಟ್ ಪಾಂಡ್ ಎಂಬ ಹಳ್ಳಿ. ಅಲ್ಲಿ ಎಕ್ಸ್‌ಚೇಂಜ್ ಇದ್ದದ್ದು ಮಾಲೀಕ ದಂಪತಿಯ ಮನೆಯ ನಡುಮನೆಯಲ್ಲಿ. ಊರಿನ ನಾನೂರಕ್ಕೂ ಹೆಚ್ಚು ಫೋನುಗಳ ಕರೆಗಳು ಆ ಮನೆಯ ಸೋಫಾ ಪಕ್ಕದ ಬೋರ್ಡಿನಿಂದಲೇ ಹೋಗಬೇಕು. ಫೋನಿನ ಹಿಡಿ ತಿರುಗಿಸಿದರೆ ಅಲ್ಲಿ ಗಂಟೆ ಬಡಿಯುತ್ತಿತ್ತು. ಡಯಲ್ ತರುತ್ತೇವೆ ಎಂದಾಗ ಊರಿನವರೇ ಬೇಡವೆಂದು ಚಳವಳಿ ಹೂಡಿದರು. 1983ರ ಅಕ್ಟೋಬರ್ 11ರಂದು ಅದೂ ನಿಂತಿತು. ಕೈಯಿಂದ ಹಿಡಿ ತಿರುಗಿಸುವ ಎಕ್ಸ್‌ಚೇಂಜುಗಳಲ್ಲಿ ಅಮೆರಿಕದಲ್ಲಿ ಉಳಿದಿದ್ದ ಕೊನೆಯದು ಅದೇ. ಈಗ ಅಲ್ಲಿ 14 ಅಡಿಯ ಟೆಲಿಫೋನ್ ಪ್ರತಿಮೆ ನಿಲ್ಲಿಸಿದ್ದಾರೆ.

ತಂತಿಗಳು ಆಕಾಶ ಬಿಟ್ಟು ನೆಲದೊಳಕ್ಕೆ ಇಳಿದದ್ದೇ ಕಟ್ಟಡ ತಲೆಕೆಳಗಾಯಿತು. ಅಲ್ಲಿಯವರೆಗೆ ಮಹಡಿಯಲ್ಲಿದ್ದ ತಂತಿಗಳ ಬಾಗಿಲು ಈಗ ನೆಲಮಾಳಿಗೆಗೆ ಬಂತು. ಬೀದಿಯ ಅಡಿಯಿಂದ ಬರುವ ದಪ್ಪ ಕೇಬಲ್‌ಗಳು ಮೊದಲು ಕೇಬಲ್ ಚೇಂಬರ್ ಎಂಬ ತಗ್ಗಿನ ಕೋಣೆಗೆ ಬಂದು, ಅಲ್ಲಿ ಬಿಡಿಸಿಕೊಂಡು, ಮೇಲಿನ ಎಂ.ಡಿ.ಎಫ್. ರೂಮಿಗೆ ಏರುತ್ತವೆ. ಎಂ.ಡಿ.ಎಫ್. ಎಂದರೆ ಊರಿನ ಪ್ರತಿ ಫೋನಿನ ಜೋಡಿ ತಂತಿ ಬಂದು ಸೇರುವ ಕಬ್ಬಿಣದ ಚೌಕಟ್ಟು. ಒಂದು ಬದಿ ಬೀದಿಯದು, ಇನ್ನೊಂದು ಬದಿ ಯಂತ್ರದ್ದು, ನಡುವೆ ಬಣ್ಣಬಣ್ಣದ ಜಂಪರ್ ತಂತಿಗಳ ಪೊದೆ. ಬಾಡಿಗೆ ಕಟ್ಟದವರ ಫೋನ್ ಸಾಯುತ್ತಿದ್ದದ್ದೂ, ‘ಲೈನ್‌ಮನ್ ಬಂದು ನೋಡಿದ’ ಮೇಲೆ ಜೀವ ಬರುತ್ತಿದ್ದದ್ದೂ ಎಷ್ಟೋ ಸಲ ಇಲ್ಲೇ.

ಎಕ್ಸ್‌ಚೇಂಜ್ ಊರ ನಡುವೆಯೇ ಏಕೆ ಇರುತ್ತದೆ ಎಂಬುದಕ್ಕೂ ಉತ್ತರ ಈ ತಾಮ್ರದಲ್ಲಿದೆ. ದೂರ ಹೆಚ್ಚಿದಷ್ಟೂ ತಂತಿಯ ವಿದ್ಯುತ್ ಪ್ರತಿರೋಧ ಹೆಚ್ಚಿ ದನಿ ಕ್ಷೀಣಿಸುತ್ತದೆ, ತಾಮ್ರದ ಖರ್ಚೂ ಏರುತ್ತದೆ. ಹಾಗಾಗಿ ಚಂದಾದಾರರು ಎಲ್ಲೆಲ್ಲಿ ಇದ್ದಾರೆ ಎಂದು ನಕ್ಷೆಯ ಮೇಲೆ ಗುರುತಿಸಿ, ಒಟ್ಟು ತಂತಿ ಅತಿ ಕಡಿಮೆ ಆಗುವ ಬಿಂದುವನ್ನು ಲೆಕ್ಕ ಹಾಕುತ್ತಿದ್ದರು. ಆ ಬಿಂದುವಿನ ಹತ್ತಿರ ಸರ್ಕಾರಿ ಜಾಗ ಎಲ್ಲಿ ಸಿಕ್ಕಿತೋ ಅಲ್ಲಿ ಕಟ್ಟಡ. ಇವತ್ತು ರಿಯಲ್ ಎಸ್ಟೇಟಿನವರ ಕಣ್ಣು ಈ ನಿವೇಶನಗಳ ಮೇಲಿರುವುದಕ್ಕೆ ಅಂದಿನ ಆ ಲೆಕ್ಕವೇ ಕಾರಣ.

ಈಗ ಯಂತ್ರಕ್ಕೆ ಬರೋಣ. ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ಕಸುಬಿನ ಆಲ್ಮನ್ ಸ್ಟ್ರೌಜರ್ ಎಂಬಾತನಿಗೆ ತನ್ನ ಗಿರಾಕಿಗಳ ಕರೆಗಳನ್ನು ಆಪರೇಟರ್ ಬೇಕೆಂದೇ ಎದುರಾಳಿಗೆ ಜೋಡಿಸುತ್ತಿದ್ದಾಳೆ ಎಂಬ ಗುಮಾನಿ ಹುಟ್ಟಿತಂತೆ. ಕಥೆ ಎಷ್ಟು ನಿಜವೋ, 1891ರಲ್ಲಿ ಆತ ಪಡೆದ ಪೇಟೆಂಟ್ ಮಾತ್ರ ನಿಜ. ಮರುವರ್ಷ, 1892ರ ನವೆಂಬರ್ 3ರಂದು, ಇಂಡಿಯಾನ ರಾಜ್ಯದ ಲಾ ಪೋರ್ಟ್ ಎಂಬ ಸಣ್ಣ ಊರಿನಲ್ಲಿ ಸುಮಾರು 75 ಚಂದಾದಾರರೊಂದಿಗೆ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಶುರುವಾಯಿತು. ನಮ್ಮ ದೇಶದ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಕೂಡ ಕಲ್ಕತ್ತಕ್ಕೋ ಬೊಂಬಾಯಿಗೋ ಬರಲಿಲ್ಲ. 1913–14ರಲ್ಲಿ ಸಿಮ್ಲಾದ ಗುಡ್ಡಕ್ಕೆ ಬಂತು, 700 ಲೈನಿನ ಸಾಮರ್ಥ್ಯದ್ದು. ಬೇಸಿಗೆಯಲ್ಲಿ ಸರ್ಕಾರ ಅಲ್ಲಿರುತ್ತಿತ್ತಲ್ಲ!

ಸ್ಟ್ರೌಜರ್ ಯಂತ್ರದ ಹೃದಯ ಸೆಲೆಕ್ಟರ್ ಎಂಬ ಸಾಧನ. ನೀವು ಡಯಲ್ ತಿರುಗಿಸಿ ಬಿಟ್ಟಾಗ ಬರುವ ಒಂದೊಂದು ಮಿಡಿತಕ್ಕೂ ಅದರ ದಂಡ ಒಂದೊಂದು ಮೆಟ್ಟಿಲು ಏರುತ್ತದೆ, ಆಮೇಲೆ ಅಡ್ಡಲಾಗಿ ತಿರುಗುತ್ತದೆ. ಹತ್ತು ಮೆಟ್ಟಿಲು, ಮೆಟ್ಟಿಲಿಗೆ ಹತ್ತು ಹಲ್ಲು, ಒಟ್ಟು 100 ಜಾಗ. ಫೋನ್ ಕೆಳಗಿಟ್ಟ ತಕ್ಷಣ ಟಕ್ಕನೆ ಹಿಂದಕ್ಕೆ ಬೀಳುತ್ತದೆ. ಇಂಥ ನೂರಾರು ಸೆಲೆಕ್ಟರುಗಳು ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಅಂಗಡಿ–ಮಂಡಿಗಳೆಲ್ಲ ತೆರೆದ ಮೇಲೆ, ಒಟ್ಟಿಗೆ ಕೆಲಸ ಮಾಡುವಾಗಿನ ಸದ್ದನ್ನು ಕೇಳಿದವರು ಮರೆಯುವುದಿಲ್ಲ. ಊರು ಎಷ್ಟು ಮಾತಾಡುತ್ತಿದೆ ಎಂಬುದನ್ನು ಕಣ್ಣು ಮುಚ್ಚಿಯೂ ಹೇಳಬಹುದಿತ್ತು.

ಈ ಯಂತ್ರಕ್ಕೆ ಬೇಕಾದ ಮನೆಯೇ ಬೇರೆ. ಬ್ರಿಟಿಷ್ ಅಂಚೆ ಇಲಾಖೆಯ ಅಳತೆಯಲ್ಲಿ ದೊಡ್ಡ ರ‍್ಯಾಕ್‌ಗಳ ಎತ್ತರ ಹತ್ತೂವರೆ ಅಡಿ. ಅದರ ಮೇಲೆ ಕೇಬಲ್ ಹಾಸುವ ಏಣಿ, ಅದರ ಮೇಲೆ ತೊಲೆ. ಅಲ್ಲಿಗೆ ಚಾವಣಿ ನಾವು ವಾಸಿಸುವ ಮನೆಗಿಂತ ಎಷ್ಟೋ ಮೇಲೆ ಹೋಯಿತು. ಕಬ್ಬಿಣ, ತಾಮ್ರ, ಹಿತ್ತಾಳೆಯ ಭಾರ ಹೊರಲು ನೆಲ ಗಟ್ಟಿಯಾಗಿರಬೇಕು. ನಮ್ಮ ಸಣ್ಣ ಊರಿನ ಎಕ್ಸ್‌ಚೇಂಜ್ ಹೊರಗಿನಿಂದ ಎರಡಂತಸ್ತಿನದಾದರೂ ಪಕ್ಕದ ಮೂರಂತಸ್ತಿನ ಲಾಡ್ಜಿಗೆ ಸಮನಾಗಿ ಕಾಣುವುದಕ್ಕೆ ಕಾರಣ ಇದೇ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯಿತು. ಲಿವರ್‌ಪೂಲಿನ ಕಂಪನಿಯೊಂದರ ತಂತ್ರಜ್ಞಾನದಿಂದ ಐ.ಟಿ.ಐ. ಈ ಯಂತ್ರಗಳನ್ನು ಮಾಡತೊಡಗಿತು. ದೂರವಾಣಿನಗರದಲ್ಲಿ ತಯಾರಾದ ರ‍್ಯಾಕ್‌ಗಳು ದೇಶದ ಊರೂರಿಗೆ ಹೋದವು. ಕಟ್ಟಡದ ಎತ್ತರವೂ ಅವುಗಳ ಜೊತೆಗೇ ಹೋಯಿತು.

ಇನ್ನು ಬ್ಯಾಟರಿ ರೂಮು. ಎಕ್ಸ್‌ಚೇಂಜಿನ ವಿದ್ಯುತ್ತು ನೇರವಾಗಿ ಕಂಬದಿಂದ ಬರುವುದಲ್ಲ. ಎರಡೆರಡು ವೋಲ್ಟಿನ 24 ಸೀಸ–ಆಮ್ಲದ ಸೆಲ್‌ಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟ್ ಪಡೆಯುತ್ತಾರೆ. ಊರಿಗೆಲ್ಲ ಕರೆಂಟು ಹೋದರೂ ಫೋನ್ ಬದುಕಿರುತ್ತಿದ್ದ ಗುಟ್ಟು ಇದು. ಚಾರ್ಜ್ ಆಗುವಾಗ ಈ ಸೆಲ್‌ಗಳು ಜಲಜನಕ ಬಿಡುತ್ತವೆ, ಒಂದು ಕಿಡಿ ಸಾಕು ಅನಾಹುತಕ್ಕೆ. ಆಮ್ಲದ ಆವಿ ಗಾರೆಯನ್ನು, ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಆಮ್ಲ ತಡೆಯುವ ಟೈಲ್ಸು, ಅಂಥದ್ದೇ ಬಣ್ಣ, ಆ ಎತ್ತರದ ಗಾಳಿಕಿಂಡಿ, ಆ ಎಕ್ಸಾಸ್ಟ್ ಫ್ಯಾನು. ಇಡೀ ಕಟ್ಟಡದಲ್ಲಿ ಅತ್ಯಂತ ಮುತುವರ್ಜಿಯಿಂದ ಕಟ್ಟಿದ ಕೋಣೆ ಸಾಹೇಬರದ್ದಲ್ಲ, ಇದು.

ಅಂಚೆ–ತಂತಿ ಇಲಾಖೆ 1963ರಲ್ಲಿ ತನ್ನದೇ ಸಿವಿಲ್ ವಿಭಾಗ ಮಾಡಿಕೊಂಡ ಮೇಲೆ ಈ ಕಟ್ಟಡಗಳಿಗೆ ಒಂದು ಮುಖಚಹರೆ ಬಂತು. ಅಲಂಕಾರವಿಲ್ಲ, ಕಮಾನಿಲ್ಲ. ಕಾಂಕ್ರೀಟ್ ಚೌಕಟ್ಟು, ಬಿಸಿಲಿಗೆ ಅಡ್ಡಲಾಗಿ ನಿಂತ ಲಂಬ ಪಟ್ಟಿಗಳು, ಮೆಟ್ಟಿಲಿನ ಬಳಿ ಜಾಲಿ ಇಟ್ಟಿಗೆ. ಸುಂದರವೆಂದು ನಾನು ವಾದಿಸುವುದಿಲ್ಲ. ಆದರೆ ಅದೇ ಕಾಲದ ಎಷ್ಟೋ ಸರ್ಕಾರಿ ಕಟ್ಟಡಗಳಿಗಿಂತ ಪ್ರಾಮಾಣಿಕವಾದವು, ಒಳಗೆ ಏನಿದೆಯೋ ಅದಕ್ಕೆ ತಕ್ಕ ಹೊರಗು.

ಕಿಟಕಿ ಮುಚ್ಚಿದ್ದು ಮುಂದಿನ ಯಂತ್ರ. ದೂಳು ಸ್ಟ್ರೌಜರಿಗೂ ಶತ್ರುವೇ, ಆದರೆ ಬ್ರಷ್ಷು ಹಿಡಿದು ಒರೆಸಿದರೆ ನಡೆಯುತ್ತಿತ್ತು. ವಿದೇಶದಿಂದ ಬಂದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ತಂಪು ಬೇಕು, ಒಣಹವೆ ಬೇಕು, ದೂಳು ಕೂಡದು. ಎ.ಸಿ. ಬಂತು, ಅದರ ತಂಪು ಸೋರದಂತೆ ಕಿಟಕಿಗಳು ಹೋದವು. ಸ್ವಿಚ್ ರೂಮಿನ ಮುಂದೆ ಚಪ್ಪಲಿ ಬಿಡಬೇಕೆಂಬ ನಿಯಮ ಬಂತು. ಅದರಲ್ಲಿ ಭಕ್ತಿ ಏನಿಲ್ಲ, ಬರೀ ದೂಳಿನ ಲೆಕ್ಕ. ಕೆಲಸಗಾರರೂ ಕಡಿಮೆಯಾದರು. ಖಾಲಿ ಕಟ್ಟಡದಲ್ಲಿ ಯಂತ್ರ ಒಂದೇ ಕೂತಿದ್ದರೆ ಏನಾಗಬಹುದೆಂದು ಶಿಕಾಗೋ ಬಳಿಯ ಹಿನ್ಸ್‌ಡೇಲ್ ಊರು ತೋರಿಸಿತು. 1988ರ ಮೇ 8, ಭಾನುವಾರ. ಎಕ್ಸ್‌ಚೇಂಜಿಗೆ ಬೆಂಕಿ ಬಿದ್ದಾಗ ಒಳಗೆ ಯಾರೂ ಇರಲಿಲ್ಲ, ಎಚ್ಚರಿಕೆಯ ಗಂಟೆ ಮೊಳಗಿದ್ದು ಬಹುದೂರದ ಸ್ಪ್ರಿಂಗ್‌ಫೀಲ್ಡಿನಲ್ಲಿ. ಸುಮಾರು 35 ಸಾವಿರ ಮನೆ–ಕಚೇರಿಗಳ ಫೋನು ಸತ್ತು, ಪೂರ್ತಿ ಸರಿಹೋಗಲು ವಾರಗಳೇ ಹಿಡಿದವು. ಅದು ಅಮ್ಮಂದಿರ ದಿನ ಬೇರೆ. ಅಮೆರಿಕದಲ್ಲಿ ಅತಿ ಹೆಚ್ಚು ಫೋನ್ ಮಾಡುವ ದಿನಗಳಲ್ಲಿ ಒಂದು.

ಈ ಎ.ಸಿ.ಯ ಕಟ್ಟುಪಾಡನ್ನು ಮುರಿದದ್ದು ಕಿತ್ತೂರು. 1984ರಲ್ಲಿ ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ, ನಮ್ಮದೇ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ರೂಪಿಸಲೆಂದು, ಸಿ–ಡಾಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಅವರ ಕರಾರು. ಆ ಸಂಸ್ಥೆಗೆ ಆಗ ಸ್ವಂತ ಕಟ್ಟಡವೂ ಇರಲಿಲ್ಲ. ದೆಹಲಿಯಲ್ಲಿ ಅದು ಕೆಲಸ ಮಾಡಿದ್ದು ಅಕ್ಬರ್ ಹೋಟೆಲಿನಲ್ಲಿ. ವಾಸ್ತುಶಿಲ್ಪಿ ಶಿವನಾಥ ಪ್ರಸಾದ್ ರೂಪಿಸಿದ, ಕಾಂಕ್ರೀಟನ್ನು ಬಣ್ಣ ಬಳಿಯದೆ ಬಿಟ್ಟ ಆ ಕಟ್ಟಡಕ್ಕೆ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಒಳ್ಳೆಯ ಹೆಸರಿದೆ.

ವಿದೇಶಿ ಎಕ್ಸ್‌ಚೇಂಜುಗಳು ಸಾವಿರಾರು ಲೈನಿನ ಊರುಗಳಿಗೆಂದು ಮಾಡಿದವು. ನಮ್ಮ ಹೋಬಳಿಯಲ್ಲಿ ಇದ್ದದ್ದು ಬೆರಳೆಣಿಕೆಯ ಫೋನು, ಅದರಲ್ಲಿ ಇಡೀ ಊರು ಮಾತಾಡಬೇಕು. ಎ.ಸಿ. ಕೊಂಡರೂ ಅದಕ್ಕೆ ಕರೆಂಟು ಎಲ್ಲಿಂದ ತರುವುದು? ಸಿ–ಡಾಟ್ ಎಂಜಿನಿಯರುಗಳು ಪ್ರಶ್ನೆಯನ್ನೇ ತಿರುಗಿಸಿದರು. ಯಂತ್ರಕ್ಕೆ ತಕ್ಕ ಕೋಣೆ ಕಟ್ಟುವ ಬದಲು, ಇರುವ ಕೋಣೆಗೆ ತಕ್ಕ ಯಂತ್ರ ಮಾಡೋಣ. ಒಳಗಿನ ಕಾರ್ಡುಗಳು ಹೆಚ್ಚು ಬಿಸಿಯಾಗದಂತೆ, ಆದ ಬಿಸಿ ತಾನಾಗಿ ಮೇಲೇರಿ ಹೋಗುವಂತೆ ಪೆಟ್ಟಿಗೆಯನ್ನು ರೂಪಿಸಿದರು. 128 ಪೋರ್ಟಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್, ಇಲಾಖೆಯವರ ಬಾಯಲ್ಲಿ ‘ರ‍್ಯಾಕ್ಸ್’, 1986ರ ಜುಲೈನಲ್ಲಿ ದೇಶದಲ್ಲೇ ಮೊದಲು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು.

ರಾಣಿ ಚೆನ್ನಮ್ಮನ ಊರು ಎಂದು ಆ ಹೆಸರು ಎಲ್ಲರಿಗೂ ಗೊತ್ತು. ಕೋಟೆ, ಹಾಳುಬಿದ್ದ ಅರಮನೆಯ ದಪ್ಪ ಗೋಡೆಗಳನ್ನು ನೋಡಲು ಜನ ಬರುತ್ತಾರೆ. ಅದೇ ಊರಿನಲ್ಲಿ ಭಾರತದ ದೂರಸಂಪರ್ಕದ ದಿಕ್ಕು ಬದಲಾಯಿತೆಂಬುದು ಕರ್ನಾಟಕದವರಿಗೇ ಅಷ್ಟಾಗಿ ಗೊತ್ತಿಲ್ಲ. ಅದಕ್ಕೆ ಒಂದು ಕಾರಣ, ತೋರಿಸಲು ಕಟ್ಟಡವಿಲ್ಲದ್ದು. ಪೆಟ್ಟಿಗೆಯ ಸಾಧನೆಯೇ ಅದು: ಎತ್ತರದ ಚಾವಣಿ ಬೇಡ, ತಂಪುಕೋಣೆ ಬೇಡ, ಪಂಚಾಯಿತಿ ಕಟ್ಟಡದ ಒಂದು ಮೂಲೆ ಸಾಕು. ಆಮೇಲಿನ ವರ್ಷಗಳಲ್ಲಿ ಊರೂರಿಗೆ ಇಂಥ ಪೆಟ್ಟಿಗೆಗಳು ಬಂದವು. ಎಸ್.ಟಿ.ಡಿ. ಬೂತುಗಳ ಹಳದಿ ಬೋರ್ಡು ಹಳ್ಳಿಯ ಸರ್ಕಲ್ಲಿಗೂ ಬಂದದ್ದು ಅದರ ಬೆನ್ನಿಗೇ.

ಮುಂದಿನದ್ದು ಬೇಗ ಮುಗಿಯುವ ಕಥೆ. 2000ದ ಅಕ್ಟೋಬರಿನಲ್ಲಿ ಇಲಾಖೆಯ ಸೇವೆಗಳು ಬಿ.ಎಸ್.ಎನ್.ಎಲ್. ಆದವು, ಮೊಬೈಲ್ ಬಂತು, ಮನೆಯ ಫೋನುಗಳು ಒಂದೊಂದಾಗಿ ಕಡಿದುಹೋದವು. 2020ರ ಜನವರಿ ಕೊನೆಗೆ ಸ್ವಯಂನಿವೃತ್ತಿ ಯೋಜನೆಯಲ್ಲಿ ಒಟ್ಟಿಗೇ 78 ಸಾವಿರಕ್ಕೂ ಹೆಚ್ಚು ನೌಕರರು ಮನೆಗೆ ಹೋದರು. ಸ್ವಿಚ್ ರೂಮಿನಲ್ಲಿ ಈಗ ಒಂದು ಮೂಲೆಯ ಪೆಟ್ಟಿಗೆ ಮಿನುಗುತ್ತಿದ್ದರೆ ಹೆಚ್ಚು, ಉಳಿದದ್ದು ಬರಿದು ನೆಲ. ಖಾಲಿ ಜಾಗ ಬಾಡಿಗೆಗೆ, ನಿವೇಶನ ಮಾರಾಟಕ್ಕೆ ಎಂಬ ಪ್ರಕಟಣೆಗಳು ಬರುತ್ತಲೇ ಇವೆ.

ಇವುಗಳನ್ನೆಲ್ಲ ಸ್ಮಾರಕ ಮಾಡಿ ಎಂದರೆ ನಗುತ್ತಾರೆ, ನಗಲಿ. ಎಲ್ಲವನ್ನೂ ಉಳಿಸಬೇಕಿಲ್ಲ. ಜಿಲ್ಲೆಗೆ ಒಂದಾದರೂ ಕಟ್ಟಡದ ನಕ್ಷೆ, ಫೋಟೊ, ಅಲ್ಲಿ ದುಡಿದ ಆಪರೇಟರು–ಲೈನ್‌ಮನ್‌ಗಳ ಮಾತು ದಾಖಲಾಗಬೇಕು. ಬಾಡಿಗೆಗೆ ಕೊಡುವಾಗ ಚದರ ಅಡಿ ಮಾತ್ರ ಎಣಿಸುವುದೂ ದಡ್ಡತನ. ಚಾವಣಿಯ ಆ ಎತ್ತರವನ್ನು, ಕಬ್ಬಿಣದ ರ‍್ಯಾಕ್ ಹೊತ್ತ ಆ ನೆಲವನ್ನು ಇವತ್ತು ಹೊಸದಾಗಿ ಕಟ್ಟಿಸಲು ಹೋದರೆ ದುಬಾರಿ. ನೆಲದ ಮೇಲೆ ಅಷ್ಟು ಭಾರ ಹಾಕುವ ಇನ್ನೊಂದು ಸಂಸ್ಥೆ ಗ್ರಂಥಾಲಯ. ತಾಲ್ಲೂಕು ಕೇಂದ್ರಗಳಲ್ಲಿ ಸೋರುವ ಬಾಡಿಗೆ ಮಳಿಗೆಯಲ್ಲಿ ಪುಸ್ತಕ ಪೇರಿಸಿಟ್ಟ ಗ್ರಂಥಾಲಯಗಳನ್ನು ನೋಡಿದಾಗಲೆಲ್ಲ ನನಗೆ ಆ ಖಾಲಿ ಹಾಲ್‌ಗಳ ನೆನಪಾಗುತ್ತದೆ. ಕಪಾಟುಗಳಿಗೆ ಸ್ವಿಚ್ ರೂಮು, ದಿನಪತ್ರಿಕೆಗೆ ಕೆಳಗಿನ ಕೌಂಟರ್ ಹಾಲು. ಬ್ಯಾಟರಿ ರೂಮಿನಲ್ಲಿ ಮಾತ್ರ ಮಕ್ಕಳನ್ನು ಕೂರಿಸುವ ಮುಂಚೆ ಗೋಡೆ ಕೆರೆಸಿ, ನೆಲ ತೊಳೆಸಿ, ಸೀಸದ ಪುಡಿ ಉಳಿದಿಲ್ಲವೆಂದು ಪರೀಕ್ಷೆ ಮಾಡಿಸಬೇಕು.